ಚಿಕ್ಕ ವಸ್ತುಗಳ ಛಾಯಾಗ್ರಹಣ: ಮನೆಯಲ್ಲಿ ದೊರೆಯುವ ಬೆಳಕು ಮತ್ತು ಒಡ್ಡಿಕೆಯ ಪ್ರಮಾಣ

೧. ಪೀಠಿಕೆ

ನಮ್ಮ ನಾಡಿನ ಕುಶಲವಸ್ತುಗಳನ್ನು ಕುರಿತು ವ್ಯಾಸಂಗ ಮಾಡುವವರಿಗೆ ವಸ್ತುಸಂಗ್ರಹಾಲಯಗಳು ಎಷ್ಟು ಮುಖ್ಯವೋ ಮನೆಗಳೂ ಅಷ್ಟೇ ಮುಖ್ಯವಾದವು. ಅಟ್ಟದ ಮೇಲಿನ ಹಿತ್ತಾಳೆಯ ಪಾತ್ರೆ, ದೇವರ ಗೂಡಿನಲ್ಲಿರುವ ಹಳೆಯ ನಾಣ್ಯ, ಮಗುವಿನ ಕೈಯಲ್ಲಿ ಸವೆದ ಚನ್ನಪಟ್ಟಣದ ಬುಗುರಿ, ಮದುವೆಯಲ್ಲಿ ಬಂದ ಬಿದರಿಯ ಡಬ್ಬಿ, ಇವೆಲ್ಲವೂ ನಮ್ಮ ಜನಜೀವನದ ದಾಖಲೆಗಳೇ ಸರಿ. ಇವುಗಳನ್ನು ಮನೆಯವರಿಂದ ಕೇಳಿ ತರುವುದು ಸಾಧ್ಯವೂ ಅಲ್ಲ, ಉಚಿತವೂ ಅಲ್ಲ. ಆದಕಾರಣ ಅಭ್ಯಾಸಿಯು ತನ್ನೊಡನೆ ತರಬಹುದಾದದ್ದು ಛಾಯಾಚಿತ್ರವೊಂದೇ. ಆ ಚಿತ್ರವು ಕೆಟ್ಟರೆ ಅವನ ಪ್ರಯಾಣವೇ ಕೆಟ್ಟಂತೆ.

ಈ ಮಾತನ್ನು ನಾವು ಅನುಭವದಿಂದ ಹೇಳುತ್ತಿದ್ದೇವೆ. ಕೆಲವು ವರ್ಷಗಳ ಹಿಂದೆ ಕ್ಷೇತ್ರಕಾರ್ಯದ ಕಾಲದಲ್ಲಿ ಒಂದು ಹಳ್ಳಿಯ ಮನೆಯ ಅಜ್ಜಿಯವರು ನಮಗೆ ಒಂದು ಹಿತ್ತಾಳೆಯ ತಂಬಿಗೆಯನ್ನು ತೋರಿಸಿದರು. ಅದರ ಭುಜದ ಸುತ್ತ ಚುಕ್ಕೆಚುಕ್ಕೆಯಾಗಿ ಕೊರೆದ ಒಂದು ಸಾಲು ಬರಹವಿತ್ತು. ಬಂದವರಿಗೆ ತೋರಿಸುವುದೆಂದು ಅವರು ಅಂದು ಬೆಳಿಗ್ಗೆಯೇ ಅದನ್ನು ಹುಣಸೆಹಣ್ಣು ಹಾಕಿ ಬೆಳಗಿಟ್ಟಿದ್ದರು. ಮನೆಯೊಳಗೆ ಮಬ್ಬು ಇದ್ದುದರಿಂದ ನಾವು ಕ್ಯಾಮೆರಾದ ಫ್ಲ್ಯಾಷನ್ನು ಉಪಯೋಗಿಸಿ ಮೂರು ಚಿತ್ರಗಳನ್ನು ತೆಗೆದು, ಬರಹವನ್ನು ಆಮೇಲೆ ಓದಿದರಾಯಿತೆಂದು ಹೊರಟುಬಂದೆವು. ಊರಿಗೆ ಬಂದು ನೋಡಿದಾಗ ಮೂರು ಚಿತ್ರಗಳಲ್ಲಿಯೂ ಫ್ಲ್ಯಾಷಿನ ಬಿಳಿಯ ಕಲೆ ಬರಹದ ನಡುವನ್ನು ನುಂಗಿಹಾಕಿತ್ತು. ಮೊದಲಿನ ಮೂರು ಅಕ್ಷರಗಳೂ ಕೊನೆಯ 'ಕೊಟ್ಟದ್ದು' ಎಂಬ ಪದವೂ ಮಾತ್ರ ಉಳಿದಿದ್ದವು. ಕೆಲವು ತಿಂಗಳುಗಳ ಅನಂತರ ಪುನಃ ಹೋದಾಗ, ಮನೆಯವರು ಆ ತಂಬಿಗೆಯನ್ನು ಇತರ ಹಳೆಯ ಪಾತ್ರೆಗಳೊಡನೆ ಅಂಗಡಿಗೆ ಹಾಕಿ ಹೊಸ ಪಾತ್ರೆಗಳನ್ನು ತಂದಿದ್ದರು. ಅದು ತಮ್ಮ ಅತ್ತೆಯವರ ತವರಿನಿಂದ ಬಂದದ್ದೆಂದು ಮಾತ್ರ ಅಜ್ಜಿಯವರಿಗೆ ತಿಳಿದಿತ್ತು. ಕೊಟ್ಟವರ ಹೆಸರು ಈಗ ಯಾರಿಗೂ ತಿಳಿಯದು. ತಪ್ಪು ನಮ್ಮದು, ಅದನ್ನು ಸರಿಪಡಿಸುವ ಮಾರ್ಗವೂ ಉಳಿದಿಲ್ಲ.

ಕುಶಲಕರ್ಮಿಗಳಿಗೆ ಈ ವಿಷಯ ಇನ್ನೊಂದು ರೀತಿಯಲ್ಲಿ ಮುಖ್ಯವಾಗಿದೆ. ಇಂದು ಆಟಿಕೆಯನ್ನೋ ಡಬ್ಬಿಯನ್ನೋ ಕೊಳ್ಳುವವರು ಅನೇಕ ವೇಳೆ ವಸ್ತುವನ್ನು ನೋಡದೆ ಅದರ ಚಿತ್ರವನ್ನು ಮಾತ್ರ ನೋಡಿ ಕೊಳ್ಳುತ್ತಾರೆ. ಚಿತ್ರದಲ್ಲಿ ಕಿತ್ತಳೆಯಾಗಿ ಕಂಡ ಆಟಿಕೆ ಕೈಗೆ ಬಂದಾಗ ಕೆಂಪಾಗಿದ್ದರೆ ವಸ್ತು ಹಿಂದಕ್ಕೆ ಬರುತ್ತದೆ. ನಷ್ಟವು ಮಾಡಿದವನಿಗೆ ತಟ್ಟುತ್ತದೆ. ಆದ್ದರಿಂದ ಪ್ರಸ್ತುತ ಲೇಖನದಲ್ಲಿ ಹೆಚ್ಚಿನ ಉಪಕರಣಗಳಿಲ್ಲದೆ, ಮನೆಯಲ್ಲಿ ದೊರೆಯುವ ಬೆಳಕಿನಿಂದಲೇ, ಚಿಕ್ಕ ವಸ್ತುಗಳ ನಂಬಲರ್ಹವಾದ ಚಿತ್ರವನ್ನು ಪಡೆಯುವ ಬಗೆಯನ್ನೂ ಅದಕ್ಕೆ ಆಧಾರವಾದ ತತ್ತ್ವಗಳನ್ನೂ ವಿವರಿಸಲು ಯತ್ನಿಸಿದ್ದೇವೆ.

೨. ಬೆಳಕಿನ ಆಕರದ ಗಾತ್ರ ಮತ್ತು ದೂರ

ಬೆಳಕು ಹೆಚ್ಚಿದ್ದರೆ ಚಿತ್ರ ಚೆನ್ನಾಗಿ ಬರುವುದೆಂಬ ನಂಬಿಕೆ ಸಾಮಾನ್ಯವಾಗಿದೆ. ಇದು ಪೂರ್ತಿ ನಿಜವಲ್ಲ. ಬೆಳಕಿನ ಪ್ರಮಾಣಕ್ಕಿಂತ ಅದು ಬರುವ ದಿಕ್ಕೂ ಅದರ ಆಕರದ ಗಾತ್ರವೂ ಹೆಚ್ಚು ಮುಖ್ಯವಾದವು. ಇಲ್ಲಿ ಗಾತ್ರವೆಂದರೆ ವಸ್ತುವಿನ ಸ್ಥಾನದಿಂದ ನೋಡಿದಾಗ ಆಕರವು ಎಷ್ಟು ಅಗಲವಾಗಿ ಕಾಣುತ್ತದೆಯೋ ಆ ಗಾತ್ರ. ಸೂರ್ಯನು ಅಪಾರವಾದ ಗೋಳವಾದರೂ ನಮಗೆ ಸುಮಾರು ಅರ್ಧ ಡಿಗ್ರಿಯಷ್ಟೇ ಅಗಲವಾಗಿ ಕಾಣುತ್ತಾನೆ. ಆದ್ದರಿಂದ ನೇರ ಬಿಸಿಲಿನ ನೆರಳು ಚೂರಿಯಿಂದ ಕತ್ತರಿಸಿದಂತೆ ಇರುತ್ತದೆ. ಮೂರು ಅಡಿಯ ಕಿಟಕಿಯಾದರೋ ಅದರ ಪಕ್ಕದ ಮೇಜಿನ ಮೇಲಿನ ಬುಗುರಿಗೆ ಬಹು ದೊಡ್ಡ ಆಕರ. ಅದರಿಂದ ಬೀಳುವ ನೆರಳಿನ ಅಂಚು ಮೆತ್ತಗಿರುತ್ತದೆ. ಫ್ಲ್ಯಾಷ್ ಅತಿ ಚಿಕ್ಕ ಆಕರ. ಅದಲ್ಲದೆ ಅದು ಮಸೂರದ ಪಕ್ಕದಲ್ಲಿಯೇ ಇರುವುದರಿಂದ ನೆರಳುಗಳೆಲ್ಲವೂ ವಸ್ತುವಿನ ಹಿಂದೆ ಅಡಗಿ, ಉಬ್ಬುತಗ್ಗುಗಳು ಕಾಣದೆ ಹೋಗುತ್ತವೆ. ಚಿಕ್ಕ ವಸ್ತುಗಳ ವಿಷಯದಲ್ಲಿ ಕ್ಯಾಮೆರಾದ ಮೇಲಿನ ಫ್ಲ್ಯಾಷನ್ನು ವರ್ಜಿಸುವುದೇ ಲೇಸು.

ಕಿಟಕಿಯ ಬೆಳಕನ್ನು ಕುರಿತು ಒಂದು ಎಚ್ಚರಿಕೆಯ ಮಾತು ಅಗತ್ಯ. ಉತ್ತರ ದಿಕ್ಕಿನ ಕಿಟಕಿಯಲ್ಲಿ ನೇರ ಬಿಸಿಲು ಬೀಳುವುದಿಲ್ಲ, ಆದ್ದರಿಂದ ಅದೇ ಶ್ರೇಷ್ಠ, ಎಂಬ ಉಪದೇಶವು ಯೂರೋಪಿನ ಅಕ್ಷಾಂಶಗಳಿಗೆ ತಕ್ಕದ್ದು. ನಮ್ಮ ನಾಡು ಕರ್ಕಾಟಕ ವೃತ್ತಕ್ಕೆ ದಕ್ಷಿಣದಲ್ಲಿದೆ. ಬೆಂಗಳೂರು ಸುಮಾರು ೧೩ ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಅಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯನು ನೆತ್ತಿಯಿಂದ ಉತ್ತರಕ್ಕೆ ಇರುತ್ತಾನೆ. ಸುಮಾರು ೧೮ ಡಿಗ್ರಿಯಲ್ಲಿರುವ ಬೀದರಿನಲ್ಲಿ ಮೇ ಮಧ್ಯದಿಂದ ಜುಲೈ ಕೊನೆಯವರೆಗೆ. ಈ ತಿಂಗಳುಗಳಲ್ಲಿ ಉತ್ತರದ ಕಿಟಕಿಗೂ ಬೆಳಿಗ್ಗೆ ಸಂಜೆ ಬಿಸಿಲು ತಾಗುತ್ತದೆ. ಆಗ ದಕ್ಷಿಣದ ಕಿಟಕಿಯೇ ಹಿತ. ದಿಕ್ಕಿನ ಹೆಸರನ್ನು ನಂಬುವುದಕ್ಕಿಂತ ನೆಲದ ಮೇಲೆ ಬಿಸಿಲಿನ ಚೌಕ ಬಿದ್ದಿದೆಯೇ ಎಂದು ನೋಡುವುದು ಉತ್ತಮ. ಬಿದ್ದಿದ್ದರೆ ಕಿಟಕಿಗೆ ತೆಳುವಾದ ಬಿಳಿಯ ಪಂಚೆಯನ್ನು ಕಟ್ಟತಕ್ಕದ್ದು. ಆಗ ಪಂಚೆಯೇ ಬೆಳಕಿನ ಆಕರವಾಗುತ್ತದೆ. ಪಂಚೆಗೆ ನೀಲಿ ಹಾಕಿರಬಾರದು. ಬೆಳಕಿಗೂ ಆ ಛಾಯೆ ಬರುವ ಸಂಭವವಿದೆ.

ವಿದ್ಯುದ್ದೀಪವನ್ನು ಬಳಸುವವರು ವಿಲೋಮ ವರ್ಗ ನಿಯಮವನ್ನು ನೆನಪಿನಲ್ಲಿಡಬೇಕು. ೧೬೦೪ರಲ್ಲಿ ಕೆಪ್ಲರನು ತನ್ನ ದೃಗ್ವಿಜ್ಞಾನದ ಗ್ರಂಥದಲ್ಲಿ ಹೇಳಿದ ಈ ನಿಯಮದಂತೆ, ಚಿಕ್ಕ ಆಕರದ ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ. ದೀಪವನ್ನು ಒಂದು ಅಡಿಯಿಂದ ಎರಡು ಅಡಿಗೆ ಸರಿಸಿದರೆ ಬೆಳಕು ಅರ್ಧವಾಗುವುದಿಲ್ಲ, ಕಾಲುಭಾಗವಾಗುತ್ತದೆ. ಇದರಿಂದ ಒಂದು ಮುಖ್ಯ ಪರಿಣಾಮ ಹೊರಡುತ್ತದೆ. ೧೦ ಸೆಂಟಿಮೀಟರ್ ಅಗಲದ ವಸ್ತುವಿನ ಹತ್ತಿರದ ಅಂಚಿನಿಂದ ದೀಪವು ೨೦ ಸೆಂಟಿಮೀಟರ್ ದೂರದಲ್ಲಿದ್ದರೆ ಆಚೆಯ ಅಂಚು ೩೦ ಸೆಂಟಿಮೀಟರ್ ದೂರದಲ್ಲಿರುತ್ತದೆ. ಎರಡು ಅಂಚುಗಳಿಗೆ ಬೀಳುವ ಬೆಳಕಿನಲ್ಲಿ ಎರಡೂಕಾಲು ಪಟ್ಟು ವ್ಯತ್ಯಾಸವಾಗುತ್ತದೆ. ಅದೇ ದೀಪವನ್ನು ಒಂದು ಮೀಟರ್ ದೂರದಲ್ಲಿಟ್ಟರೆ ವ್ಯತ್ಯಾಸವು ನೂರಕ್ಕೆ ೨೧ ಮಾತ್ರ. ವಸ್ತುವಿನ ಒಂದು ಪಕ್ಕ ಬೆಳ್ಳಗೆ ಸುಟ್ಟಂತೆಯೂ ಇನ್ನೊಂದು ಪಕ್ಕ ಕಪ್ಪಾಗಿಯೂ ಬರುವ ಚಿತ್ರಗಳಿಗೆ ಅನೇಕ ವೇಳೆ ಇದೇ ಕಾರಣ. ಹೀಗೆ ದೂರ ಹೆಚ್ಚಿದರೆ ಸಮತೆ ಹೆಚ್ಚುತ್ತದೆ, ಆದರೆ ಆಕರ ಚಿಕ್ಕದಾಗಿ ನೆರಳು ಗಡುಸಾಗುತ್ತದೆ. ಈ ಎರಡರ ನಡುವೆ ಹದವನ್ನು ಕಂಡುಕೊಳ್ಳಬೇಕು. ದೀಪದ ಮುಂದೆ ಟ್ರೇಸಿಂಗ್ ಕಾಗದವನ್ನೋ ಮಲ್ ಬಟ್ಟೆಯನ್ನೋ ಅಗಲವಾಗಿ ಹಿಡಿದರೆ ಎರಡೂ ಸಾಧಿಸುತ್ತವೆ.

ಬೆಳಕು ಒಂದು ಪಕ್ಕದಿಂದ ಬಂದಾಗ ಇನ್ನೊಂದು ಪಕ್ಕ ಕತ್ತಲಾಗುವುದು ಸಹಜ. ಆ ಪಕ್ಕದಲ್ಲಿ ಒಂದು ಬಿಳಿಯ ರಟ್ಟನ್ನೋ ಥರ್ಮೊಕೋಲಿನ ಹಲಗೆಯನ್ನೋ ನಿಲ್ಲಿಸಿದರೆ ಕಿಟಕಿಯ ಬೆಳಕೇ ತಿರುಗಿ ಬಂದು ನೆರಳನ್ನು ತುಂಬುತ್ತದೆ. ಎರಡನೆಯ ದೀಪಕ್ಕಿಂತ ಇದು ಮೇಲು. ಎರಡು ದೀಪಗಳಿದ್ದರೆ ಎರಡು ನೆರಳುಗಳು ಬಿದ್ದು ವಸ್ತುವಿನ ಆಕಾರವೇ ಗೊಂದಲಕ್ಕೀಡಾಗುತ್ತದೆ.

೩. ಮೂರು ಬಗೆಯ ಮೇಲ್ಮೈಗಳು

ಬೆಳಕನ್ನು ಜೋಡಿಸುವ ಮೊದಲು ವಸ್ತುವಿನ ಮೇಲ್ಮೈಯನ್ನು ಪರೀಕ್ಷಿಸತಕ್ಕದ್ದು. ಮರಳುಕಾಗದದಂತೆ ಒರಟಾದ ಮೇಲ್ಮೈ ತನ್ನ ಮೇಲೆ ಬಿದ್ದ ಬೆಳಕನ್ನು ಎಲ್ಲ ದಿಕ್ಕುಗಳಿಗೂ ಚೆದರಿಸುತ್ತದೆ. ಕನ್ನಡಿಯಂತೆ ನಯವಾದ ಮೇಲ್ಮೈ ಆಪಾತಕೋನಕ್ಕೆ ಸಮನಾದ ಕೋನದಲ್ಲಿ ಮಾತ್ರ ಹಿಂದಿರುಗಿಸುತ್ತದೆ. ನಮ್ಮ ವಸ್ತುಗಳಲ್ಲಿ ಹೆಚ್ಚಿನವು ಈ ಎರಡು ಗುಣಗಳ ಮಿಶ್ರಣವಾಗಿರುತ್ತವೆ. ಮೂರು ಉದಾಹರಣೆಗಳನ್ನು ಪರಿಶೀಲಿಸೋಣ.

ಮೊದಲನೆಯದು ಚನ್ನಪಟ್ಟಣದ ಆಟಿಕೆ. ಆಲೆಮರದ ತುಂಡನ್ನು ಚರಕಿಯ ಮೇಲೆ ತಿರುಗಿಸುತ್ತ ಅದಕ್ಕೆ ಬಣ್ಣದ ಅರಗನ್ನು ಒತ್ತಿದಾಗ, ಉಜ್ಜಾಟದ ಶಾಖಕ್ಕೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಗರಿಯಿಂದ ತೀಡಿ ಹೊಳಪು ತರುತ್ತಾರೆ. ಇಲ್ಲಿ ಬಣ್ಣವು ಅರಗಿನ ಪದರದ ಒಳಗಿದೆ, ಹೊಳಪು ಅದರ ಮೇಲಿದೆ. ಹೊಳಪಿನಲ್ಲಿ ಕಾಣುವುದು ಅರಗಿನ ಬಣ್ಣವಲ್ಲ, ದೀಪದ ಬಿಳುಪು. ಅದು ಎಲ್ಲೆಲ್ಲಿ ಹರಡುತ್ತದೆಯೋ ಅಲ್ಲೆಲ್ಲ ಬಣ್ಣ ಪೇಲವವಾಗುತ್ತದೆ. ಆಟಿಕೆಯ ಸುತ್ತ ಎಲ್ಲ ಕಡೆಯೂ ಬಿಳಿಯ ಬಟ್ಟೆ ಕಟ್ಟಿದರೆ ಆಟಿಕೆಯ ಮೈಯೆಲ್ಲ ಮಬ್ಬಾಗಿ ಕಾಣುವುದು ಇದರಿಂದಲೇ. ತಕ್ಕ ಕ್ರಮವೆಂದರೆ, ಒಂದು ಪಕ್ಕದಲ್ಲಿ ಕಿಟಕಿ, ಎದುರುಪಕ್ಕದಲ್ಲಿ ಸ್ವಲ್ಪ ದೂರಕ್ಕೆ ಬಿಳಿಯ ರಟ್ಟು. ಆಗ ದುಂಡಾದ ಮೈಯ ಮೇಲೆ ಕಿಟಕಿಯ ಪ್ರತಿಬಿಂಬವು ಸಪೂರವಾದ ಒಂದು ಗೆರೆಯಾಗಿ ಬೀಳುತ್ತದೆ. ಆ ಗೆರೆ ಆಟಿಕೆಯ ದುಂಡನ್ನೂ ನಯವನ್ನೂ ಹೇಳುತ್ತದೆ. ಉಳಿದ ಮೈ ತನ್ನ ನಿಜವಾದ ಬಣ್ಣವನ್ನು ತೋರುತ್ತದೆ. ಅರಗಿನಂತಹ ಲೋಹವಲ್ಲದ ಪದಾರ್ಥಗಳ ಹೊಳಪನ್ನು ಧ್ರುವೀಕರಣದ ಸೋಸುಗಾಜಿನಿಂದಲೂ ಕಡಿಮೆ ಮಾಡಬಹುದು. ಮೇಲ್ಮೈಯ ಲಂಬಕ್ಕೆ ಸುಮಾರು ೫೬ ಡಿಗ್ರಿ ಕೋನದಲ್ಲಿ ಅದರ ಪರಿಣಾಮ ಅತ್ಯಧಿಕ. ಲೋಹದ ಹೊಳಪಿನ ಮೇಲೆ ಮಾತ್ರ ಆ ಗಾಜು ಹೆಚ್ಚು ಪ್ರಯೋಜನಕ್ಕೆ ಬಾರದು.

ಎರಡನೆಯದು ಬಿದರಿಯ ಡಬ್ಬಿ. ಸತುವೇ ಪ್ರಧಾನವಾಗಿ, ಸ್ವಲ್ಪ ತಾಮ್ರ ಬೆರೆತ ಮಿಶ್ರಲೋಹದಲ್ಲಿ ಚಿತ್ತಾರವನ್ನು ಕೊರೆದು ಬೆಳ್ಳಿಯನ್ನು ಕೂರಿಸುತ್ತಾರೆ. ಬೀದರ ಕೋಟೆಯ ಮಣ್ಣಿಗೆ ನವಸಾಗರವನ್ನು ಕೂಡಿಸಿ ಲೇಪಿಸಿದಾಗ ಮಿಶ್ರಲೋಹ ಮಾತ್ರ ಕಪ್ಪಾಗಿ ಬೆಳ್ಳಿ ಬಿಳಿಯಾಗಿಯೇ ಉಳಿಯುತ್ತದೆ. ಛಾಯಾಗ್ರಾಹಕನಿಗೆ ಇದೊಂದು ಪರೀಕ್ಷೆ. ಏಕೆಂದರೆ ಒಂದೇ ಅಂಗೈಯಗಲದಲ್ಲಿ ಅತ್ಯಂತ ಕಪ್ಪೂ ಅತ್ಯಂತ ಬಿಳುಪೂ ಪಕ್ಕಪಕ್ಕದಲ್ಲಿವೆ. ಇಲ್ಲಿ ಮರೆಯಬಾರದ ಸಂಗತಿಯೆಂದರೆ, ನಯವಾದ ಬೆಳ್ಳಿಯು ತಾನು ಯಾವುದನ್ನು ಪ್ರತಿಬಿಂಬಿಸುತ್ತದೆಯೋ ಆ ಬಣ್ಣದ್ದಾಗಿ ಕಾಣುತ್ತದೆ. ಅದರ ಎದುರಿಗೆ ಕತ್ತಲೆಯ ಗೋಡೆಯಿದ್ದರೆ ಬೆಳ್ಳಿಯೂ ಕಪ್ಪಾಗಿ ಕಂಡು ಚಿತ್ತಾರವು ಅಡಗಿಹೋಗುತ್ತದೆ. ಆದ್ದರಿಂದ ಡಬ್ಬಿಯ ಮುಚ್ಚಳವನ್ನು ಒಂದು ಕನ್ನಡಿಯೆಂದು ಭಾವಿಸಿ, ಆ ಕನ್ನಡಿಯಲ್ಲಿ ಕ್ಯಾಮೆರಾಕ್ಕೆ ಏನು ಕಾಣುವುದೋ ಆ ಸ್ಥಳದಲ್ಲಿ ಬೆಳಕು ಬಿದ್ದ ದೊಡ್ಡ ಬಿಳಿಯ ಹಾಳೆಯನ್ನು ನಿಲ್ಲಿಸಬೇಕು. ಕಪ್ಪು ಭಾಗ ಹೊಳಪಿಲ್ಲದ್ದಾದ ಕಾರಣ ಕಪ್ಪಾಗಿಯೇ ಉಳಿಯುತ್ತದೆ. ಬೆಳ್ಳಿ ಮಾತ್ರ ಬೆಳಗುತ್ತದೆ.

ಮೂರನೆಯದು ಬರಹವಿರುವ ಲೋಹ, ಎಂದರೆ ನಮ್ಮ ತಂಬಿಗೆಯಂತಹುದು, ನಾಣ್ಯ, ತಾಮ್ರದ ತಗಡು ಮುಂತಾದವು. ಇಲ್ಲಿ ಎರಡು ಕ್ರಮಗಳುಂಟು. ಒಂದರಲ್ಲಿ ಲೋಹವನ್ನು ಬೆಳಗಿಸಿ ಅಕ್ಷರವನ್ನು ಕಪ್ಪಾಗಿಸುತ್ತೇವೆ: ಮೇಲೆ ಹೇಳಿದಂತೆ ಲೋಹದಲ್ಲಿ ಬಿಳಿಯ ಹಾಳೆಯ ಪ್ರತಿಬಿಂಬ ಬೀಳುವಂತೆ ಮಾಡಿದರೆ, ಕೊರೆದ ಗುಳಿಗಳ ಓರೆಗೋಡೆಗಳು ಬೆಳಕನ್ನು ಬೇರೆ ಕಡೆಗೆ ಎಸೆದು ಕಪ್ಪಾಗಿ ಕಾಣುತ್ತವೆ. ಇನ್ನೊಂದರಲ್ಲಿ ಲೋಹವನ್ನು ಕಪ್ಪಾಗಿಸಿ ಅಕ್ಷರದ ಅಂಚನ್ನು ಬೆಳಗಿಸುತ್ತೇವೆ: ಬಿಳಿಯ ಹಾಳೆಯ ಸ್ಥಳದಲ್ಲಿ ಕಪ್ಪು ಬಟ್ಟೆಯನ್ನಿಟ್ಟು, ದೀಪವನ್ನು ಮೇಲ್ಮೈಗೆ ೧೦ರಿಂದ ೨೦ ಡಿಗ್ರಿಯಷ್ಟು ತಗ್ಗಿಸಿ ಪಕ್ಕದಿಂದ ಹಾಯಿಸಬೇಕು. ಸವೆದ ಬರಹಕ್ಕೆ ಈ ಎರಡನೆಯ ಕ್ರಮವೇ ಹೆಚ್ಚು ಫಲಕಾರಿ. ಆದರೆ ದೀಪದ ದಿಕ್ಕಿಗೆ ಸಮಾಂತರವಾಗಿರುವ ಗೆರೆಗಳು ಅದರಲ್ಲಿ ಮಾಯವಾಗುತ್ತವೆ. ಕನ್ನಡದ ಅಕ್ಷರಗಳು ದುಂಡಾಗಿರುವುದರಿಂದ ಒಂದೇ ಅಕ್ಷರದ ಒಂದು ಭಾಗ ಕಂಡು ಇನ್ನೊಂದು ಭಾಗ ಕಾಣದಿರಬಹುದು. ದೀರ್ಘದ ಕೊಂಬು, ಒತ್ತಕ್ಷರ ಮುಂತಾದುವು ಹೀಗೆ ತಪ್ಪಿಹೋದರೆ ಪಾಠವೇ ಬೇರೆಯಾದೀತು. ಆದಕಾರಣ ವಸ್ತುವನ್ನೂ ಕ್ಯಾಮೆರಾವನ್ನೂ ಕದಲಿಸದೆ ದೀಪವನ್ನು ಮಾತ್ರ ಸುತ್ತಲೂ ಸರಿಸುತ್ತ ಎಂಟು ದಿಕ್ಕುಗಳಿಂದ ಎಂಟು ಚಿತ್ರಗಳನ್ನು ತೆಗೆಯತಕ್ಕದ್ದು. ೨೦೦೧ರಲ್ಲಿ ಟಾಮ್ ಮಾಲ್ಜ್‌ಬೆಂಡರ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಗಣಕಕ್ರಮವು ಇಂತಹ ಅನೇಕ ಚಿತ್ರಗಳನ್ನೇ ಒಂದುಗೂಡಿಸಿ, ನೋಡುವವನು ದೀಪವನ್ನು ತನಗೆ ಬೇಕಾದ ಕಡೆಗೆ ತಿರುಗಿಸಿದಂತೆ ತೋರಿಸುತ್ತದೆ. ಆ ಸಾಧನವಿಲ್ಲದವರಿಗೂ ಎಂಟು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ಓದುವುದರಿಂದ ಬಹಳ ಸಹಾಯವಾಗುತ್ತದೆ. ಮುದ್ರಣಕ್ಕೆ ಕೊಡುವ ಚಿತ್ರದಲ್ಲಿ ಬೆಳಕು ಎಡಗಡೆಯ ಮೇಲಿನಿಂದ ಬಂದಿರಬೇಕು. ಕೆಳಗಿನಿಂದ ಬಂದರೆ ನಮ್ಮ ಕಣ್ಣು ಮೋಸಹೋಗಿ ಗುಳಿಯನ್ನು ಉಬ್ಬೆಂದೂ ಉಬ್ಬನ್ನು ಗುಳಿಯೆಂದೂ ತಿಳಿಯುತ್ತದೆ.

ತಂಬಿಗೆಯ ಉಬ್ಬಿದ ಮೈ ಕೋಣೆಯ ಬಹುಭಾಗವನ್ನು ತನ್ನಲ್ಲಿ ತೋರಿಸುವುದರಿಂದ ಅದಕ್ಕೆ ಒಂದೇ ಚಿತ್ರ ಸಾಲದು. ಅದನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತ, ಪ್ರತಿ ಸಲವೂ ಎದುರಿಗೆ ಬಂದ ನಾಲ್ಕೈದು ಅಕ್ಷರಗಳನ್ನು ಮಾತ್ರ ಗಮನಿಸಿ, ಒಂದರ ಕೊನೆಯ ಅಕ್ಷರವು ಮುಂದಿನದರ ಮೊದಲಿಗೂ ಬರುವಂತೆ ತೆಗೆಯಬೇಕು. ಇನ್ನೊಂದು ಮಾತು: ಚಿತ್ರಕ್ಕಾಗಿ ಹಳೆಯ ಲೋಹವನ್ನು ಹುಣಸೆಹಣ್ಣಿನಿಂದ ಬೆಳಗಬಾರದೆಂದು ಮನೆಯವರಿಗೆ ಮೊದಲೇ ವಿನಯದಿಂದ ತಿಳಿಸತಕ್ಕದ್ದು. ಗುಳಿಗಳಲ್ಲಿ ನಿಂತ ಕಿಲುಬೇ ಅನೇಕ ವೇಳೆ ಅಕ್ಷರವನ್ನು ಎತ್ತಿ ತೋರಿಸುತ್ತದೆ.

೪. ಒಡ್ಡಿಕೆ

ಕ್ಯಾಮೆರಾದ ಗ್ರಾಹಕಫಲಕವನ್ನು ಬೆಳಕಿಗೆ ಒಡ್ಡುವ ಪ್ರಮಾಣವನ್ನು ಛಾಯಾಗ್ರಾಹಕರು ಎಕ್ಸ್‌ಪೋಷರ್ ಎನ್ನುತ್ತಾರೆ. ಈ ಲೇಖನದಲ್ಲಿ ನಾವು ಅದನ್ನು ಒಡ್ಡಿಕೆ ಎಂದು ಕರೆದಿದ್ದೇವೆ. ಇದು ಮಸೂರದ ರಂಧ್ರದ ಅಗಲ, ಷಟರು ತೆರೆದಿರುವ ಕಾಲ ಎಂಬ ಎರಡರಿಂದ ನಿರ್ಧಾರವಾಗುತ್ತದೆ. ಫಲಕದ ಗ್ರಹಣಶಕ್ತಿಯ ಅಂಕಿಯಾದ ಐ.ಎಸ್.ಒ. ಮೂರನೆಯದಾಗಿ ಇವುಗಳೊಡನೆ ಸೇರುತ್ತದೆ. ಯಾವುದೇ ಒಂದನ್ನು ಇಮ್ಮಡಿಸುವುದನ್ನಾಗಲಿ ಅರ್ಧಕ್ಕಿಳಿಸುವುದನ್ನಾಗಲಿ ಒಂದು ಹಂತವೆನ್ನೋಣ. ರಂಧ್ರದ ಅಂಕಿಗಳು ಎಫ್/೪, ೫.೬, ೮, ೧೧, ೧೬ ಎಂಬ ಕ್ರಮದಲ್ಲಿರುತ್ತವೆ. ಅಂಕಿ ಹೆಚ್ಚಿದಂತೆ ರಂಧ್ರ ಕಿರಿದಾಗುತ್ತದೆ. ಪ್ರತಿ ಅಂಕಿಗೂ ರಂಧ್ರದ ವಿಸ್ತೀರ್ಣ ಅರ್ಧವಾಗುವುದರಿಂದ ಬೆಳಕು ಒಂದು ಹಂತ ಕಡಿಮೆಯಾಗುತ್ತದೆ.

ನಡೆಯುವ ಮನುಷ್ಯನ ಚಿತ್ರಕ್ಕೂ ನಾಣ್ಯದ ಚಿತ್ರಕ್ಕೂ ಇರುವ ಮುಖ್ಯ ಭೇದವು ಇಲ್ಲಿ ಸ್ಪಷ್ಟವಾಗುತ್ತದೆ. ನಾಣ್ಯ ಕದಲುವುದಿಲ್ಲ. ಕ್ಯಾಮೆರಾವೂ ಕದಲದಂತೆ ಮಾಡಿದರೆ ಷಟರನ್ನು ಬೇಕಾದಷ್ಟು ಕಾಲ ತೆರೆದಿಡಬಹುದು. ಆದ್ದರಿಂದ ಐ.ಎಸ್.ಒ. ಅಂಕಿಯನ್ನು ಅತಿ ಕಡಿಮೆಯಲ್ಲಿ, ಸಾಮಾನ್ಯವಾಗಿ ೧೦೦ರಲ್ಲಿ, ನಿಲ್ಲಿಸಿ. ರಂಧ್ರವನ್ನು ಸ್ಫುಟತೆಗೆ ಬೇಕಾದಂತೆ ಆರಿಸಿ. ಉಳಿದುದನ್ನು ಕಾಲಕ್ಕೆ ಬಿಡತಕ್ಕದ್ದು. ಒಂದು ನಿದರ್ಶನ: ಕಿಟಕಿಯ ಪಕ್ಕದ ಮೇಜಿನ ಮೇಲೆ ಐ.ಎಸ್.ಒ. ೧೦೦, ಎಫ್/೮ಕ್ಕೆ ೧/೪ ಸೆಕೆಂಡ್ ಬೇಕಾಯಿತೆಂದು ಇಟ್ಟುಕೊಳ್ಳೋಣ. ರಂಧ್ರವನ್ನು ಎಫ್/೧೬ಕ್ಕೆ ಇಳಿಸಿದರೆ ಎರಡು ಹಂತ ಕಡಿಮೆಯಾಗುವುದರಿಂದ ಕಾಲವು ಒಂದು ಸೆಕೆಂಡ್ ಆಗಬೇಕು. ಇದೇ ಚಿತ್ರವನ್ನು ಕೈಯಲ್ಲಿ ಹಿಡಿದು ಎಫ್/೮ರಲ್ಲಿ ೧/೬೦ ಸೆಕೆಂಡಿಗೆ ತೆಗೆಯಬೇಕೆಂದರೆ ಐ.ಎಸ್.ಒ. ೧೬೦೦ಕ್ಕೆ ಏರಬೇಕಾಗುತ್ತದೆ, ಚಿತ್ರದಲ್ಲಿ ಮರಳಿನಂತಹ ಕಣಗಳು ಕಾಣಿಸಿಕೊಂಡು ಸಣ್ಣ ಗೆರೆಗಳನ್ನು ಕೆಡಿಸುತ್ತವೆ. ಟ್ರೈಪಾಡು ಇಲ್ಲದವರು ಕ್ಯಾಮೆರಾವನ್ನು ಪುಸ್ತಕಗಳ ರಾಶಿಯ ಮೇಲೆ ಒರಗಿಸಿ, ಎರಡು ಸೆಕೆಂಡ್ ತಡೆದು ತಾನೇ ಚಿತ್ರ ತೆಗೆಯುವ ವ್ಯವಸ್ಥೆಯನ್ನು ಉಪಯೋಗಿಸಬಹುದು. ಬೆರಳು ಒತ್ತಿದ ಅಲುಗಾಟ ಅಷ್ಟರಲ್ಲಿ ನಿಲ್ಲುತ್ತದೆ.

ದೀರ್ಘಕಾಲದ ಒಡ್ಡಿಕೆಗೆ ಇನ್ನೊಂದು ಅನುಕೂಲವುಂಟು. ನಮ್ಮ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತನಗಳದ್ದಾದುದರಿಂದ ಅನೇಕ ಎಲ್.ಇ.ಡಿ. ದೀಪಗಳು ಸೆಕೆಂಡಿಗೆ ೧೦೦ ಸಲ ಮಿನುಗುತ್ತವೆ. ೧/೧೦೦೦ ಸೆಕೆಂಡಿನಂತಹ ಅಲ್ಪಕಾಲದಲ್ಲಿ ಈ ಮಿನುಗು ಚಿತ್ರದ ಮೇಲೆ ಪಟ್ಟೆಗಳಾಗಿ ಮೂಡುವುದುಂಟು; ೧/೧೦ ಸೆಕೆಂಡಿಗಿಂತ ಹೆಚ್ಚಿನ ಕಾಲದಲ್ಲಿ ಅದು ಸರಾಸರಿಯಾಗಿ ಅಡಗುತ್ತದೆ.

ಬೆಳಕಿನ ಮಾಪಕವನ್ನು ಕುರಿತು ಎರಡು ಮಾತು. ಮಾಪಕಕ್ಕೆ ವಸ್ತುವು ಕಪ್ಪೋ ಬಿಳುಪೋ ತಿಳಿಯದು. ಎದುರಿಗಿರುವುದೆಲ್ಲವೂ ನಡುವಣ ಬೂದಿಬಣ್ಣದ್ದೆಂದು ಅದು ಭಾವಿಸುತ್ತದೆ. ಛಾಯಾಗ್ರಹಣದಲ್ಲಿ ಬಳಕೆಯಲ್ಲಿರುವ ಬೂದಿಬಣ್ಣದ ರಟ್ಟು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ೧೮ ಭಾಗವನ್ನು ಹಿಂದಿರುಗಿಸುತ್ತದೆ. ಬಿಳಿಯ ಕಾಗದವು ಸುಮಾರು ೯೦ ಭಾಗವನ್ನು. ಹೀಗೆ ಕಾಗದವು ರಟ್ಟಿಗಿಂತ ಐದು ಪಟ್ಟು, ಎಂದರೆ ಸುಮಾರು ಎರಡೂಕಾಲು ಹಂತ, ಹೆಚ್ಚು ಬೆಳಗುತ್ತದೆ. ಬಿಳಿಯ ಹಾಳೆಯ ಮೇಲಿಟ್ಟ ಆಟಿಕೆಯನ್ನು ಮಾಪಕದ ಇಚ್ಛೆಗೆ ಬಿಟ್ಟರೆ ಹಾಳೆ ಬೂದಿಯಾಗಿಯೂ ಆಟಿಕೆ ಕತ್ತಲಾಗಿಯೂ ಬರುತ್ತವೆ. ಅಲ್ಲಿ ಒಂದರಿಂದ ಎರಡು ಹಂತ ಹೆಚ್ಚಿಸಬೇಕು. ಬಿದರಿಯ ಡಬ್ಬಿ ಚೌಕಟ್ಟನ್ನು ತುಂಬಿದ್ದರೆ ಇದಕ್ಕೆ ವಿರುದ್ಧ: ಮಾಪಕವು ಕಪ್ಪನ್ನು ಬೂದಿಯಾಗಿಸಲು ಹೊರಟು ಬೆಳ್ಳಿಯನ್ನು ಸುಟ್ಟುಹಾಕುತ್ತದೆ, ಅಲ್ಲಿ ಒಂದರಿಂದ ಒಂದೂವರೆ ಹಂತ ಕಡಿಮೆ ಮಾಡಬೇಕು. ವಸ್ತುವಿನ ಸ್ಥಾನದಲ್ಲಿ ಬೂದಿಬಣ್ಣದ ರಟ್ಟನ್ನಿಟ್ಟು ಅಳೆದು, ಆ ಅಂಕಿಗಳನ್ನು ಸ್ಥಿರಗೊಳಿಸಿ, ರಟ್ಟನ್ನು ತೆಗೆದು ವಸ್ತುವನ್ನಿಡುವುದು ಇವೆರಡಕ್ಕಿಂತಲೂ ನಿಶ್ಚಿತವಾದ ಮಾರ್ಗ. ಕನ್ನಡಿಯಂತೆ ಹೊಳೆಯುವ ಭಾಗಗಳಿಗೆ ಮಾತ್ರ ರಟ್ಟಿನ ಅಳತೆ ಸಾಲದು. ತೆಗೆದ ಚಿತ್ರವನ್ನು ಅಲ್ಲಿಯೇ ಹಿಗ್ಗಿಸಿ ನೋಡಿ, ಹೊಳಪಿನಲ್ಲಿ ಗೆರೆಗಳು ಉಳಿದಿವೆಯೇ ಎಂದು ಪರೀಕ್ಷಿಸಬೇಕು.

೫. ಸಮೀಪದ ಸ್ಫುಟತೆ

ವಸ್ತುವಿಗೆ ಸಮೀಪವಾದಷ್ಟೂ ಸ್ಫುಟವಾಗಿ ಕಾಣುವ ಆಳವು ಶೀಘ್ರವಾಗಿ ಕುಗ್ಗುತ್ತದೆ. ೩೬ ಮತ್ತು ೨೪ ಮಿಲಿಮೀಟರ್ ಅಳತೆಯ ಗ್ರಾಹಕಫಲಕವುಳ್ಳ ಕ್ಯಾಮೆರಾದಲ್ಲಿ, ೦.೦೩ ಮಿಲಿಮೀಟರ್ ಮಸುಕನ್ನು ಕಣ್ಣು ಸಹಿಸುವುದೆಂದು ಎಣಿಸಿದರೆ, ಫಲಕದ ಮೇಲೆ ಬಿಂಬವು ವಸ್ತುವಿನ ಹತ್ತನೆಯ ಒಂದು ಭಾಗವಾಗಿರುವಾಗ ಎಫ್/೮ರಲ್ಲಿ ಸುಮಾರು ೫೩ ಮಿಲಿಮೀಟರ್ ಆಳ ದೊರೆಯುತ್ತದೆ. ಅರ್ಧಭಾಗವಾಗಿರುವಾಗ ಸುಮಾರು ೩ ಮಿಲಿಮೀಟರ್. ಸಮಗಾತ್ರವಾಗಿರುವಾಗ ಒಂದು ಮಿಲಿಮೀಟರಿಗೂ ಕಡಿಮೆ. ಬುಗುರಿಯ ಚಿತ್ರದಲ್ಲಿ ಮುಂಭಾಗ ಸ್ಫುಟವಾಗಿದ್ದು ಹಿಂಭಾಗ ಮಸುಕಾಗುವುದಕ್ಕೆ ಇದೇ ಕಾರಣ.

ಹಾಗಾದರೆ ರಂಧ್ರವನ್ನು ಅತ್ಯಂತ ಕಿರಿದಾಗಿಸಬಹುದಲ್ಲವೇ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಕಿರಿದಾದ ರಂಧ್ರದಲ್ಲಿ ಬೆಳಕು ಬಾಗಿ ಹರಡುವುದರಿಂದ ಅದಕ್ಕೂ ಒಂದು ಮಿತಿಯಿದೆ. ಬಿಂಬವು ವಸ್ತುವಿನ ಅರ್ಧದಷ್ಟಿರುವಾಗ ಎಫ್/೧೬ ಎಂಬುದು ಫಲಿತದಲ್ಲಿ ಎಫ್/೨೪ರಂತೆ ವರ್ತಿಸುತ್ತದೆ. ಆಗ ಒಂದು ಬಿಂದುವಿನ ಬಿಂಬವು ಸುಮಾರು ೦.೦೩ ಮಿಲಿಮೀಟರಿನ ಚಕ್ರವಾಗಿ ಹರಡುತ್ತದೆ. ನಾವು ಸಹಿಸುವೆವೆಂದು ಎಣಿಸಿದ ಮಸುಕೂ ಅಷ್ಟೇ. ಅದಕ್ಕಿಂತ ಕಿರಿದಾಗಿಸಿದರೆ ಆಳ ಹೆಚ್ಚಿದರೂ ಚಿತ್ರವೆಲ್ಲವೂ ಮಂಕಾಗುತ್ತದೆ. ಆದ್ದರಿಂದ ಇಂತಹ ಕ್ಯಾಮೆರಾಗಳಲ್ಲಿ ಎಫ್/೮ರಿಂದ ಎಫ್/೧೬ರ ವರೆಗಿನ ಅಂಕಿಗಳಲ್ಲಿ ನಿಲ್ಲುವುದು ಲೇಸು. ನಾಣ್ಯ, ತಗಡು ಮೊದಲಾದ ಚಪ್ಪಟೆ ವಸ್ತುಗಳ ಮುಖವು ಫಲಕಕ್ಕೆ ಸಮಾಂತರವಾಗಿದ್ದರೆ ಅಲ್ಪವಾದ ಆಳವೇ ಸಾಕು. ಒಂದು ಚಿಕ್ಕ ಕನ್ನಡಿಯನ್ನು ವಸ್ತುವಿನ ಸ್ಥಾನದಲ್ಲಿಟ್ಟು, ಮಸೂರದ ಪ್ರತಿಬಿಂಬವು ಚೌಕಟ್ಟಿನ ನಟ್ಟನಡುವೆ ಕಾಣುವಂತೆ ಮಾಡಿದರೆ ಈ ಸಮಾಂತರ ಸಿದ್ಧಿಸುತ್ತದೆ.

ದೂರವಾಣಿಯ ಕ್ಯಾಮೆರಾದಲ್ಲಿ ಫಲಕವು ಬಹಳ ಚಿಕ್ಕದಾದ್ದರಿಂದ ಆಳದ ತೊಂದರೆ ಕಡಿಮೆ. ರಂಧ್ರವು ಸಾಮಾನ್ಯವಾಗಿ ಬದಲಾಗದು. ಅದರ ದೋಷ ಬೇರೆಯದು. ಅಗಲಕೋನದ ಮಸೂರವನ್ನು ವಸ್ತುವಿಗೆ ಅತಿ ಸಮೀಪಕ್ಕೆ ತಂದರೆ ಮುಂಭಾಗ ಉಬ್ಬಿ ಹಿಂಭಾಗ ಕುಗ್ಗಿ, ತಂಬಿಗೆಯ ಪ್ರಮಾಣವೇ ತಪ್ಪುತ್ತದೆ. ಆದಕಾರಣ ಎರಡನೆಯ, ದೂರದೃಷ್ಟಿಯ ಮಸೂರವಿದ್ದರೆ ಅದನ್ನು ಬಳಸಿ ಹಿಂದೆ ಸರಿದು ನಿಲ್ಲತಕ್ಕದ್ದು. ಇಲ್ಲದಿದ್ದರೆ ದೂರದಿಂದ ತೆಗೆದು ಅಂಚುಗಳನ್ನು ಆಮೇಲೆ ಕತ್ತರಿಸಬಹುದು.

೬. ಬಣ್ಣದ ಸತ್ಯ

ಬಿಳಿಯ ಬೆಳಕುಗಳೆಲ್ಲವೂ ಒಂದೇ ಅಲ್ಲ. ತಂತಿಯ ಬಲ್ಬಿನ ಬೆಳಕು ಸುಮಾರು ೨೭೦೦ ಕೆಲ್ವಿನ್ ವರ್ಣೋಷ್ಣತೆಯದು, ಹಳದಿ. ನಡುಹಗಲಿನ ಬೆಳಕು ಸುಮಾರು ೫೫೦೦. ಬಿಸಿಲು ಬೀಳದ ಕಡೆ ನೀಲಿ ಆಕಾಶದಿಂದ ಬರುವ ಬೆಳಕು ೭೦೦೦ಕ್ಕೂ ಮೀರಿದ್ದು, ತಣ್ಣನೆಯ ನೀಲಿ. ಬೆಳಕು ಒಂದೇ ಬಗೆಯದಾಗಿದ್ದರೆ ಕ್ಯಾಮೆರಾ ಅದನ್ನು ಸರಿದೂಗಿಸಬಲ್ಲುದು. ಕಿಟಕಿಯ ಬೆಳಕಿನೊಡನೆ ಬಲ್ಬನ್ನೂ ಉರಿಸಿದರೆ ಒಂದು ಪಕ್ಕ ನೀಲಿ, ಇನ್ನೊಂದು ಪಕ್ಕ ಹಳದಿ. ಯಾವ ಹೊಂದಿಕೆಯಿಂದಲೂ ಎರಡನ್ನೂ ಸರಿಮಾಡಲಾಗದು. ಕಿಟಕಿಯನ್ನು ನಂಬಿದಾಗ ದೀಪವನ್ನು ಆರಿಸತಕ್ಕದ್ದು, ದೀಪವನ್ನು ನಂಬಿದಾಗ ಕಿಟಕಿಯನ್ನು ಮುಚ್ಚತಕ್ಕದ್ದು. ಎಲ್.ಇ.ಡಿ. ದೀಪವನ್ನು ಕೊಳ್ಳುವಾಗ ಅದರ ವರ್ಣನಿಷ್ಠೆಯ ಅಂಕಿ ೯೦ಕ್ಕೆ ಕಡಿಮೆಯಿಲ್ಲದಂತೆ ನೋಡಬೇಕು. ಕಡಿಮೆಯಾದರೆ ಕೆಂಪು ಬಣ್ಣಗಳು ಮೊದಲು ಕೆಡುತ್ತವೆ. ಚನ್ನಪಟ್ಟಣದ ಆಟಿಕೆಗಳಲ್ಲಿ ಕೆಂಪಿಗೆ ಇರುವ ಸ್ಥಾನವನ್ನು ನೆನೆದರೆ ಇದರ ಮಹತ್ವ ತಿಳಿಯುತ್ತದೆ. ನಮ್ಮ ಮನೆಗಳ ಹಸುರು ನೀಲಿ ಗೋಡೆಗಳೂ ಬೆಳಕಿಗೆ ತಮ್ಮ ಬಣ್ಣವನ್ನು ಕೂಡಿಸುತ್ತವೆ. ಮೇಜಿನ ಸಮೀಪದ ಗೋಡೆಗೆ ಬಿಳಿಯ ಬಟ್ಟೆ ಹೊದಿಸುವುದು ಒಳ್ಳೆಯದು. ಮೊದಲನೆಯ ಚಿತ್ರದಲ್ಲಿ ವಸ್ತುವಿನ ಪಕ್ಕದಲ್ಲಿ ಬೂದಿಬಣ್ಣದ ರಟ್ಟನ್ನೂ ಅಳತೆಪಟ್ಟಿಯನ್ನೂ ಇಟ್ಟು ತೆಗೆದರೆ ಬಣ್ಣಕ್ಕೂ ಗಾತ್ರಕ್ಕೂ ಶಾಶ್ವತವಾದ ಸಾಕ್ಷ್ಯ ದೊರೆಯುತ್ತದೆ.

೭. ಕಾರ್ಯಕ್ರಮ

ಮೇಲಿನ ವಿವರಣೆಯನ್ನು ಕ್ಷೇತ್ರದಲ್ಲಿ ಅನುಸರಿಸಲು ಅನುಕೂಲವಾಗುವಂತೆ ಕ್ರಮವಾಗಿ ಹೇಳುವುದಾದರೆ: (೧) ಕಿಟಕಿಯ ಪಕ್ಕಕ್ಕೆ ಮೇಜನ್ನು ಸರಿಸಿ, ಉಳಿದ ದೀಪಗಳನ್ನು ಆರಿಸುವುದು. (೨) ಬಿಳಿಯ ಅಥವಾ ಬೂದಿಬಣ್ಣದ ಚಾರ್ಟ್ ಕಾಗದವನ್ನು ಗೋಡೆಯಿಂದ ಮೇಜಿಗೆ ಮಡಿಕೆಯಿಲ್ಲದೆ ಬಾಗಿಸಿ ಹಾಸುವುದು. (೩) ಮೇಲ್ಮೈಯ ಗುಣಕ್ಕೆ ತಕ್ಕಂತೆ ಬಿಳಿಯ ರಟ್ಟನ್ನು ಅಥವಾ ಕಪ್ಪು ಬಟ್ಟೆಯನ್ನು ಜೋಡಿಸುವುದು. (೪) ಕ್ಯಾಮೆರಾವನ್ನು ಸ್ಥಿರಗೊಳಿಸಿ, ಐ.ಎಸ್.ಒ. ೧೦೦, ಎಫ್/೧೧ ಎಂದು ಆರಂಭಿಸುವುದು. (೫) ಬೂದಿಬಣ್ಣದ ರಟ್ಟಿನಿಂದ ಒಡ್ಡಿಕೆಯನ್ನೂ ಬಣ್ಣವನ್ನೂ ನಿರ್ಧರಿಸುವುದು. (೬) ಅದೇ ಚಿತ್ರವನ್ನು ಒಂದು ಹಂತ ಹೆಚ್ಚಾಗಿಯೂ ಒಂದು ಹಂತ ಕಡಿಮೆಯಾಗಿಯೂ ಇನ್ನೆರಡು ಸಲ ತೆಗೆಯುವುದು. (೭) ಬರಹವಿದ್ದರೆ ಓರೆಬೆಳಕಿನಲ್ಲಿ ಎಂಟು ದಿಕ್ಕುಗಳಿಂದ ತೆಗೆಯುವುದು. (೮) ಆ ಮನೆಯನ್ನು ಬಿಡುವ ಮೊದಲೇ ಚಿತ್ರಗಳನ್ನು ಹಿಗ್ಗಿಸಿ, ಬರಹವನ್ನು ವಸ್ತುವಿನೊಡನೆ ಅಕ್ಷರಶಃ ಹೋಲಿಸಿ ಓದಿ, ಪುಸ್ತಕದಲ್ಲಿ ಬರೆದುಕೊಳ್ಳುವುದು.

ಇವುಗಳಲ್ಲಿ ಕೊನೆಯದಕ್ಕೆ ಯಾವ ಉಪಕರಣವೂ ಬೇಡ, ಐದು ನಿಮಿಷದ ತಾಳ್ಮೆ ಸಾಕು. ನಾವು ಅಂದು ಬಿಟ್ಟದ್ದು ಅದನ್ನೇ.

೮. ಉಪಸಂಹಾರ

ಇಲ್ಲಿ ಹೇಳಿದ ತತ್ತ್ವಗಳು ಭೌತವಿಜ್ಞಾನದ ಪ್ರಾರಂಭದ ಪಾಠಗಳಲ್ಲಿ ಬರತಕ್ಕವು. ನಮ್ಮ ಉಪಾಧ್ಯಾಯ ಮಿತ್ರರಿಗೆ ಹೊಸವಲ್ಲ. ಆದರೆ ತರಗತಿಯಲ್ಲಿ ಆಪಾತಕೋನವನ್ನು ಬರೆದು ಪರೀಕ್ಷೆಯಲ್ಲಿ ತೇರ್ಗಡೆಯಾದ ವಿದ್ಯಾರ್ಥಿಯೇ ಮನೆಯ ಹಿತ್ತಾಳೆಯ ಪಾತ್ರೆಗೆ ನೇರವಾಗಿ ಫ್ಲ್ಯಾಷನ್ನು ಹಿಡಿಯುವುದನ್ನು ನಾವು ಕಂಡಿದ್ದೇವೆ. ನಾವೂ ಹಾಗೆ ಮಾಡಿದವರೇ. ಕಾಲೇಜುಗಳಲ್ಲಿ ವಿಜ್ಞಾನ ವಿಭಾಗದವರೂ ಭಾಷಾ ಮತ್ತು ಇತಿಹಾಸ ವಿಭಾಗದವರೂ ಕೂಡಿ, ವರ್ಷಕ್ಕೆ ಒಂದು ದಿನ ವಿದ್ಯಾರ್ಥಿಗಳು ತಮ್ಮ ತಮ್ಮ ಮನೆಗಳಿಂದ ತಂದ ಒಂದೊಂದು ವಸ್ತುವನ್ನು ಈ ರೀತಿಯಲ್ಲಿ ಚಿತ್ರಿಸಿ ದಾಖಲೆ ಮಾಡುವ ಪದ್ಧತಿಯನ್ನು ಇಟ್ಟುಕೊಂಡರೆ, ಕೆಲವೇ ವರ್ಷಗಳಲ್ಲಿ ಬೆಲೆಯುಳ್ಳ ಸಂಗ್ರಹವೊಂದು ಸಿದ್ಧವಾಗುತ್ತದೆ. ಪಾತ್ರೆಗಳ ಮೇಲೆ ಹೆಸರು ಹಾಕಿಸಿಕೊಟ್ಟವರು ತಮ್ಮ ಹೆಸರು ಉಳಿಯಲೆಂದೇ ಹಾಗೆ ಮಾಡಿದರು. ಪಾತ್ರೆ ಅಂಗಡಿಯ ತಕ್ಕಡಿಗೆ ಏರುವ ಮೊದಲು ಆ ಹೆಸರನ್ನು ಓದಿಕೊಳ್ಳುವುದು ನಮ್ಮಿಂದಾಗುವ ಕೆಲಸ.